ಆವೊ ನಾಂಗ್ ಕೋತಿ, ಅತ್ತೆಯ ಕೋಡುಬಳೆ, ನಮ್ಮ ಟ್ರಾವೆಲ್ ಇನ್ಶೂರೆನ್ಸ್: 5ಕ್ಕೆ ಮೂರೂವರೆ ಸ್ಟಾರ್

ನಮ್ಮತ್ತೆಗೆ ಕೋತಿ ಕಚ್ಚಿದ್ದು ಸಂಜೆ 4 ಗಂಟೆ 20 ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂದರೆ, ಆಮೇಲೆ ಒಂದೂವರೆ ತಿಂಗಳಲ್ಲಿ ಆ ಟೈಮನ್ನು ಬೇರೆ ಬೇರೆ ಫಾರಂಗಳಲ್ಲಿ ಐದು ಸಲ ಬರೆದಿದ್ದೇನೆ. ಜಾಗ ಥಾಯ್ಲೆಂಡಿನ ಕ್ರಾಬಿ, ಆವೊ ನಾಂಗ್ ಬೀಚಿನ ಕೊನೆಯಲ್ಲಿ ಶುರುವಾಗುವ ಮಂಕಿ ಟ್ರೇಲ್. ಹೆಸರಲ್ಲೇ ಕೋತಿ ಇದೆ, ಬೋರ್ಡ್ ಕೂಡ ಇತ್ತು. ಆದರೂ ಹೋದೆವು.

ದಸರಾ ರಜೆಗೆ ಊರೂರಿನಿಂದ ಜನ ಮೈಸೂರಿಗೆ ಬಂದರೆ ಮೈಸೂರಿನವರಾದ ನಾವು ಟ್ರಾಫಿಕ್ ತಡೆಯಲಾರದೆ ಎಲ್ಲಿಗಾದರೂ ಓಡಿಹೋಗುತ್ತೇವೆ. ಹೋದ ದಸರಾಕ್ಕೆ ಬ್ಯಾಂಕಾಕ್‌ನಲ್ಲಿ 2 ರಾತ್ರಿ, ಕ್ರಾಬಿಯಲ್ಲಿ 4 ರಾತ್ರಿ ಅಂತ ಹೊರಟೆವು. ನಾನು, ನಮ್ಮ ಯಜಮಾನರು, 8 ವರ್ಷದ ಮಗಳು, 66 ವರ್ಷದ ಅತ್ತೆ. ಅತ್ತೆಗೆ ಇದು ಮೊದಲ ಪಾಸ್‌ಪೋರ್ಟ್, ಮೊದಲ ಫಾರಿನ್. ಹೊರಡುವ ಮೊದಲು "ಸೇಫ್ಟಿಗೆ" ಅಂತ ನಾನು ಏನೇನೋ ತರಿಸಿದ್ದೆ. ಸೊಂಟಕ್ಕೆ ಕಟ್ಟುವ ದುಡ್ಡಿನ ಪಟ್ಟಿ, ಹೋಟೆಲ್ ಬಾಗಿಲಿಗೆ ಸಿಕ್ಕಿಸುವ ಅಲಾರಂ, ಕಾರ್ಡ್ ಇಡುವ ಯಾವುದೋ ವಿಶೇಷ ಪರ್ಸ್, ಇನ್ಶೂರೆನ್ಸ್. ಇದರಲ್ಲಿ ಇನ್ಶೂರೆನ್ಸ್ ಒಂದೇ ಕೆಲಸಕ್ಕೆ ಬಂದಿದ್ದು, ಅದಕ್ಕೇ ಈ ರಿವ್ಯೂ.

ಉಳಿದವುಗಳನ್ನು ಎರಡು ಸಾಲಿನಲ್ಲಿ ಮುಗಿಸುತ್ತೇನೆ. 799 ರೂಪಾಯಿಯ ಸೊಂಟದ ಪಟ್ಟಿ ಬ್ಯಾಂಕಾಕ್ ಸೆಖೆಗೆ ಅರ್ಧ ಗಂಟೆಯಲ್ಲಿ ಒದ್ದೆಯಾಯಿತು, ಒಳಗಿದ್ದ ನೋಟುಗಳು ಕೂಡ. ಬಾಗಿಲಿನ ಅಲಾರಂ ಬೆಂಗಳೂರು ಏರ್‌ಪೋರ್ಟಿನ ಕೌಂಟರ್ ಮುಂದೆ ಸೂಟ್‌ಕೇಸಿನೊಳಗೇ ಕೂಗಿಕೊಂಡಿತು. ಆ ಪೂರ್ತಿ ಟ್ರಿಪ್‌ನಲ್ಲಿ ನಮ್ಮನ್ನು ಹೆದರಿಸಿದ್ದು ಕೋತಿ ಬಿಟ್ಟರೆ ಅದೇ.

ಕಂಪನಿಯ ಹೆಸರು ಬರೆಯುವುದಿಲ್ಲ. ಬೇರೆ ಮೂರು ಕಂಪನಿಗಳ ಪಾಲಿಸಿ ಕೂಡ ಓದಿ ನೋಡಿದೆ, ಷರತ್ತುಗಳು ಹೆಚ್ಚೂಕಡಿಮೆ ಅಣ್ಣತಮ್ಮಂದಿರ ಹಾಗೇ ಇವೆ. ಹಾಗಾಗಿ ನಾನು ಹೇಳುವುದು ನೀವು ಯಾರ ಹತ್ತಿರ ತೆಗೆದುಕೊಂಡರೂ ಉಪಯೋಗಕ್ಕೆ ಬರಬಹುದು.

ಮೊದಲು ಕೊಂಡ ಕಥೆ. ವಿಮಾನದ ಟಿಕೆಟ್ ಬುಕ್ ಮಾಡುವಾಗ ಕೆಳಗೆ ಒಂದು ಇನ್ಶೂರೆನ್ಸ್ ತಾನಾಗೇ ಟಿಕ್ ಆಗಿ ಕೂತಿರುತ್ತದಲ್ಲ, ನಮ್ಮ ಮನೆಯವರು "ಇದೇ ಸಾಕಲ್ವಾ" ಅಂದರು. ತೆರೆದು ನೋಡಿದರೆ ವಿಮಾನ ತಡವಾದರೆ, ಬ್ಯಾಗ್ ಕಳೆದರೆ ಅಷ್ಟೇ. ಆಸ್ಪತ್ರೆ ಮಾತೇ ಇರಲಿಲ್ಲ. ಟಿಕ್ ತೆಗೆದು ಬೇರೆಯೇ ತೆಗೆದುಕೊಂಡೆ. ಒಬ್ಬೊಬ್ಬರಿಗೆ 50 ಸಾವಿರ ಡಾಲರ್ ಕವರ್, 8 ದಿನ. ನಮ್ಮ ಮೂವರಿಗೆ ತಲಾ 620 ರೂಪಾಯಿ. ಅತ್ತೆಗೆ ಒಬ್ಬರಿಗೇ 2,340, ಯಾಕೆಂದರೆ ವಯಸ್ಸು 60 ದಾಟಿದೆ, ಜೊತೆಗೆ ಶುಗರ್, ಬಿಪಿ ಇದೆ ಅಂತ ನಾನೇ ಬರೆದೆ. ಒಟ್ಟು 4,200.

ಶುಗರ್ ವಿಷಯ ಬರೆಯುವಾಗ ಫೋನಿನಲ್ಲಿದ್ದ ಏಜೆಂಟ್ ಹೇಳಿದ್ದು ಇದು: "ಸುಮ್ನೆ ಯಾಕೆ ಹಾಕ್ತೀರಾ ಮೇಡಂ, ಪ್ರೀಮಿಯಂ ಜಾಸ್ತಿ ಆಗುತ್ತೆ, ಎಂಟು ದಿನದಲ್ಲಿ ಏನಾಗುತ್ತೆ." ಹೌದು, ಸಾವಿರದ ಚಿಲ್ಲರೆ ಉಳಿಯುತ್ತಿತ್ತು. ಹಾಕಿ ಅಂದೆ. ಆ ಒಂದು ಮಾತು ಕೇಳದೇ ಇದ್ದದ್ದಕ್ಕೆ ಆಮೇಲೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಅದು ಮುಂದೆ ಬರುತ್ತದೆ.

ಬ್ಯಾಂಕಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ನಾವು ಜಾಣರಾಗಿದ್ದೆವು. ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ಇಸ್ತ್ರಿ ಷರ್ಟ್ ಹಾಕಿದ ಒಬ್ಬ ಬಂದು, ಇವತ್ತು ಅರಮನೆ ಬಂದ್, ಬೇರೆ ದೇವಸ್ಥಾನ ತೋರಿಸು ಅಂತ ನನ್ನ ಕಡೆಯ ಟುಕ್ ಟುಕ್ ಆಟೋದವನಿಗೆ ಹೇಳುತ್ತೇನೆ, ಕಡಿಮೆ ದುಡ್ಡು ಅಂದ. ಮೈಸೂರಿನವರಿಗೆ ಅರಮನೆ ಬಂದ್ ಅನ್ನುವುದಾ! ನಮ್ಮ ಅರಮನೆ ಮುಂದೆ ಟೂರಿಸ್ಟ್‌ಗಳನ್ನು ಹತ್ತಿಸಿಕೊಂಡು ರೇಷ್ಮೆ ಅಂಗಡಿ, ಗಂಧದೆಣ್ಣೆ ಅಂಗಡಿಗೆ ತಿರುಗಿಸುವ ಆಟ ನೋಡಿಯೇ ಬೆಳೆದವರು ನಾವು. ಅಲ್ಲಿ ಅದು ಹರಳಿನ ಅಂಗಡಿ, ಟೈಲರ್ ಅಂಗಡಿ, ಅಷ್ಟೇ ವ್ಯತ್ಯಾಸ. ಅತ್ತೆ ಅವನಿಗೆ ಕನ್ನಡದಲ್ಲೇ "ಹೋಗಪ್ಪಾ, ನಿನ್ನ ಕೆಲಸ ನೋಡ್ಕೋ" ಅಂದರು, ಅವನಿಗೆ ಅರ್ಥವಾಯಿತು. ಬಾಗಿಲಿಗೆ ಹೋದರೆ ಅರಮನೆ ತೆರೆದೇ ಇತ್ತು, ಟಿಕೆಟ್ 500 ಬಾತ್ (ಅಲ್ಲಿನ ದುಡ್ಡು).

ಇನ್ನೊಂದು ಮೋಸ ಮನೆಯಲ್ಲೇ ಆಗುವುದರಲ್ಲಿತ್ತು. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಪೂರ್ತಿ ಉಚಿತ. ನಾನು ಹುಡುಕಿದಾಗ ಮೊದಲು ಬಂದ ಸೈಟ್ ಎಲ್ಲಾ ತುಂಬಿಸಿಕೊಂಡು ಕೊನೆಯಲ್ಲಿ ತಲೆಗಿಷ್ಟು ಡಾಲರ್ ಕೇಳಿತು. ನಾಲ್ಕು ಜನರ ಪಾಸ್‌ಪೋರ್ಟ್ ನಂಬರ್ ಆಗಲೇ ಕೊಟ್ಟಾಗಿತ್ತು, ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಸರ್ಕಾರದ ಸೈಟಿನ ವಿಳಾಸ ಡಾಟ್ ಗೋ ಡಾಟ್ ಟಿಎಚ್ ಅಂತ ಮುಗಿಯುತ್ತದೆ, ಅದನ್ನು ನೋಡಿಯೇ ತುಂಬಿ.

ಈಗ ಕೋತಿ.

ಅತ್ತೆ ಮನೆಯಿಂದ ಒಂದು ಡಬ್ಬಿ ಕೋಡುಬಳೆ ತಂದಿದ್ದರು. ಮಂಕಿ ಟ್ರೇಲ್ ಶುರುವಾಗುವ ಮರದ ಮೆಟ್ಟಿಲ ಹತ್ತಿರ ಮಗಳು ಹಸಿವು ಅಂದಳು. "ಅತ್ತೆ, ಇಲ್ಲಿ ತೆಗೀಬೇಡಿ" ಅಂದೆ. "ಚಾಮುಂಡಿ ಬೆಟ್ಟದ ಕೋತಿ ನೋಡಿಲ್ವೇನಮ್ಮ ನಾನು, ಇವೇನು ಮಾಡ್ತಾವೆ" ಅಂತ ಡಬ್ಬಿ ತೆಗೆದು ಪ್ಲಾಸ್ಟಿಕ್ ಕವರಿಗೆ ಕೈ ಹಾಕಿದರು. ಕವರಿನ ಸರಸರ ಸದ್ದಿಗೇ ಕಾದಿತ್ತೋ ಏನೋ, ಒಂದು ಗಡವ ರೇಲಿಂಗ್ ಮೇಲಿಂದ ಇಳಿದು ಕವರ್ ಹಿಡಿಯಿತು. ಸಾಮಾನ್ಯ ಯಾರಾದರೂ ಬಿಟ್ಟುಬಿಡುತ್ತಾರೆ. ಅತ್ತೆ ಬಿಡಲಿಲ್ಲ. ನಾಲ್ಕು ಸೆಕೆಂಡ್ ಎಳೆದಾಟ ಆಯಿತು, ಆಮೇಲೆ ಅದು ಬಲಗೈ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿ, ಕವರ್ ತೆಗೆದುಕೊಂಡು, ಎರಡು ಮಾರು ದೂರದಲ್ಲಿ ಕೂತು ನಮ್ಮ ಕಣ್ಣ ಮುಂದೆಯೇ ಕೋಡುಬಳೆ ಕಡಿಯತೊಡಗಿತು.

ಎರಡು ಹಲ್ಲಿನ ಗುರುತು. ಆಳವಿಲ್ಲ, ಆದರೆ ರಕ್ತ ಬಂದಿತ್ತು. ಅತ್ತೆಯ ತೀರ್ಪು: "ಅರಿಶಿನ ಹಚ್ಚಿದ್ರೆ ಆಯ್ತು ಬಿಡಮ್ಮ, ರಜಾ ಹಾಳು ಮಾಡ್ಕೋಬೇಡಿ." ಇಲ್ಲೇ ತುಂಬಾ ಜನ ಎಡವುವುದು. ರೇಬಿಸ್ ಅಂದರೆ ನಾಯಿ ಅಂತ ಮಾತ್ರ ನಮ್ಮ ತಲೆಯಲ್ಲಿದೆ. ಕೋತಿಯಿಂದ ಬರುವುದು ಅಪರೂಪ, ಆದರೆ ಬಂದ ಮೇಲೆ ಔಷಧವಿಲ್ಲದ ಕಾಯಿಲೆಗೆ ಅಪರೂಪ ಅನ್ನುವ ಲೆಕ್ಕ ನಡೆಯುವುದಿಲ್ಲ. ಹತ್ತಿರದ ಅಂಗಡಿಯ ಹಿಂದಿನ ನಲ್ಲಿಯಲ್ಲಿ ಸೋಪು ಹಚ್ಚಿ ತೊಳೆಸಿದೆ, ಫೋನಿನಲ್ಲಿ ಟೈಮರ್ ಇಟ್ಟು, 15 ನಿಮಿಷ. ಹರಿಯುವ ನೀರು, ಸೋಪು, 15 ನಿಮಿಷ. ಅತ್ತೆ ಬೈಯುತ್ತಿದ್ದರು, ಅಂಗಡಿಯಾಕೆ ಇನ್ನೊಂದು ಸೋಪು ತಂದುಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯವರು ಪಾಲಿಸಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಲು ಒದ್ದಾಡುತ್ತಿದ್ದರು. ಇದು ನನ್ನ ಮೊದಲ ದೂರು, ಅರ್ಧ ಕಂಪನಿ ಮೇಲೆ, ಅರ್ಧ ನಮ್ಮ ಮೇಲೆ. ನಾವು ಹಾಕಿಸಿದ್ದು ಡೇಟಾ ಮಾತ್ರ ಇರುವ ಟೂರಿಸ್ಟ್ ಇ-ಸಿಮ್. ಅದರಲ್ಲಿ ಇಂಟರ್ನೆಟ್ ಇದೆ, ಮಾಮೂಲಿ ಕಾಲ್ ಹೋಗುವುದೇ ಇಲ್ಲ! ಪಾಲಿಸಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಮಾಮೂಲಿ ಫೋನ್ ನಂಬರ್. ವಾಟ್ಸಾಪ್ ನಂಬರ್ ಇತ್ತು, 31ನೇ ಪುಟದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಅದನ್ನು ಹುಡುಕಲು ಹೋದದ್ದು ಹತ್ತು ನಿಮಿಷ. ನೀವು ಪಾಲಿಸಿ ಬಂದ ದಿನವೇ ಆ ನಂಬರ್ ಹುಡುಕಿ ಎಲ್ಲರ ಫೋನಿನಲ್ಲೂ ಸೇವ್ ಮಾಡಿ, ಮಕ್ಕಳ ಫೋನ್ ಇದ್ದರೆ ಅದರಲ್ಲೂ. ಜೊತೆಗೆ ಥಾಯ್ಲೆಂಡಿನ ಎರಡು ನಂಬರ್: ಟೂರಿಸ್ಟ್ ಪೊಲೀಸ್ 1155, ಆಂಬುಲೆನ್ಸ್ 1669. 1155ರಲ್ಲಿ ಇಂಗ್ಲಿಷ್ ನಡೆಯುತ್ತದೆ. ನಮ್ಮ ಊರಿನ ಸಿಮ್ ಕೂಡ ತೆಗೆದಿಡಬೇಡಿ, ರೋಮಿಂಗ್ ಆನ್ ಇದ್ದರೆ ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು.

ವಾಟ್ಸಾಪ್‌ನಲ್ಲಿ ಸಿಕ್ಕ ಹುಡುಗಿಗೆ ನನ್ನ ಕಡೆಯಿಂದ ಐದಕ್ಕೆ ಐದು. ಇನ್ಶೂರೆನ್ಸ್ ಕಂಪನಿಯವಳಲ್ಲ, ಅವರು ಗೊತ್ತು ಮಾಡಿಕೊಂಡ ಅಸಿಸ್ಟೆನ್ಸ್ ಕಂಪನಿಯವಳು, ತುಂಬಾ ಪಾಲಿಸಿಗಳಲ್ಲಿ ಹೀಗೇ ಇರುತ್ತದೆ. ಪಾಲಿಸಿ ನಂಬರ್, ಲೊಕೇಶನ್, ಗಾಯದ ಫೋಟೋ ಕೇಳಿದಳು. ಎಲ್ಲಕ್ಕಿಂತ ಮೊದಲು "ತೊಳೆದಿರಾ?" ಅಂತ ಕೇಳಿದಳು. 25 ನಿಮಿಷದಲ್ಲಿ ಕೇಸ್ ನಂಬರ್ ಬಂತು, ಹೋಗಬೇಕಾದ ಖಾಸಗಿ ಆಸ್ಪತ್ರೆಯ ಹೆಸರು ಬಂತು. ಆಮೇಲೆ ಸ್ಪಷ್ಟವಾಗಿ ಹೇಳಿದಳು: ಅಡ್ಮಿಟ್ ಆದರೆ ಕ್ಯಾಶ್‌ಲೆಸ್ ಮಾಡಿಸುತ್ತೇವೆ, ಹೀಗೆ ಬಂದು ಇಂಜೆಕ್ಷನ್ ಹಾಕಿಸಿಕೊಂಡು ಹೋಗುವುದಕ್ಕೆ ನೀವೇ ಕಟ್ಟಬೇಕು, ವಾಪಸ್ ಬಂದ ಮೇಲೆ ಕ್ಲೈಮ್ ಮಾಡಿ. ಐಟಂ ಐಟಂ ಬಿಡಿಸಿ ಬರೆದ ಬಿಲ್, ದುಡ್ಡು ಕಟ್ಟಿದ ರಸೀದಿ, ಇಂಗ್ಲಿಷ್‌ನಲ್ಲಿ ಡಾಕ್ಟರ್ ಸರ್ಟಿಫಿಕೇಟ್, ಈ ಮೂರು ಇಲ್ಲದೆ ಆಸ್ಪತ್ರೆ ಬಾಗಿಲು ದಾಟಬೇಡಿ. ಈ ಕೊನೆಯ ಮಾತು ಹೇಳದೇ ಇದ್ದಿದ್ದರೆ ನಾವು ಥಾಯ್ ಲಿಪಿಯ ಒಂದು ಚೀಟಿ ಹಿಡಿದುಕೊಂಡು ಮೈಸೂರಿಗೆ ಬರುತ್ತಿದ್ದೆವು.

ಆಸ್ಪತ್ರೆ ಚೆನ್ನಾಗಿತ್ತು. ನರ್ಸಮ್ಮ ಕೈ ನೋಡಿ "ಲಿಂಗ್? ಲಿಂಗ್?" ಅಂದಳು. ಅತ್ತೆ ಆ ನೋವಿನಲ್ಲೂ ಭಕ್ತಿಯಿಂದ ಕೈ ಮುಗಿದರು. ಥಾಯ್ ಭಾಷೆಯಲ್ಲಿ ಕೋತಿಗೆ ಲಿಂಗ್ ಅನ್ನುತ್ತಾರೆ ಅಂತ ಫೋನ್ ನೋಡಿ ಗೊತ್ತಾಗುವ ಹೊತ್ತಿಗೆ ಇಬ್ಬರೂ ಪರಸ್ಪರ ಕೈ ಮುಗಿದು ನಗುತ್ತಿದ್ದರು, ಅಲ್ಲಿನವರ ನಮಸ್ಕಾರ ಕೂಡ ಹಾಗೇ ತಾನೇ. ಮತ್ತೆ ತೊಳೆದರು. ಹೊಲಿಗೆ ಹಾಕಲಿಲ್ಲ, ಇಂಥ ಗಾಯವನ್ನು ಆದಷ್ಟು ಹೊಲಿಯುವುದಿಲ್ಲ. ಟಿಟಿ ಕೊಟ್ಟರು, ತೋಳಿಗೆ ರೇಬಿಸ್ ಲಸಿಕೆ ಕೊಟ್ಟರು, ಆಮೇಲೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್. ರಕ್ತ ಬಂದ ಕಡಿತಕ್ಕೆ ಲಸಿಕೆಯೊಂದೇ ಸಾಲದು, ಅದು ಕೆಲಸ ಶುರು ಮಾಡುವ ತನಕ ಕಾವಲಿಗೆ ಇದು ಬೇಕು. ಬೆರಳಿನ ಬುಡದಲ್ಲಿ ಮಾಂಸವೆಷ್ಟಿರುತ್ತದೆ ಹೇಳಿ, ಸೂಜಿ ಇಳಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದ ಗುರುತು ಮಾರನೇ ದಿನವೂ ಇತ್ತು. ಬಿಲ್ಲಿನಲ್ಲಿ ದೊಡ್ಡ ಮೊತ್ತ ಕೂಡ ಅದೇ ಇಂಜೆಕ್ಷನ್ನಿನದು.

18,640 ಬಾತ್. ನಮ್ಮ ಲೆಕ್ಕಕ್ಕೆ ಬಾತಿಗೆ 2 ರೂಪಾಯಿ 70 ಪೈಸೆಯಂತೆ 50 ಸಾವಿರ ದಾಟಿತು. ಒಂದು ಪ್ಯಾಕೆಟ್ ಕೋಡುಬಳೆಗೆ! ಕಾರ್ಡ್ ಮೆಷಿನ್ "ರೂಪಾಯಿಯಲ್ಲಿ ಕಟ್ಟುತ್ತೀರಾ, ಬಾತ್‌ನಲ್ಲಾ" ಅಂತ ಕೇಳುತ್ತದೆ. ಯಾವತ್ತೂ ಬಾತ್ ಒತ್ತಿ. ರೂಪಾಯಿ ನೋಡಿ ಸಮಾಧಾನ ಅನ್ನಿಸುತ್ತದೆ, ಆದರೆ ಮೆಷಿನ್‌ನವರ ರೇಟಿನಲ್ಲಿ ನಮ್ಮ ಜೇಬಿಗೇ ಕತ್ತರಿ. ಇನ್ನೊಂದು ವಿಷಯ, ನಮ್ಮ ಕಾರ್ಡ್‌ಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಆಫ್ ಆಗಿರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ನಾವೇ ಆನ್ ಮಾಡಿ ಮಿತಿ ಹಾಕಬೇಕು. ನಮ್ಮ ಯಜಮಾನರು ಸೇಫ್ಟಿ ಅಂತ ಮಿತಿಯನ್ನು 30 ಸಾವಿರಕ್ಕೆ ಇಟ್ಟಿದ್ದರು. ಕೌಂಟರ್ ಮುಂದೆ ನಿಂತು, ಓಟಿಪಿಗೆ ಕಾಯುತ್ತಾ, ಹಿಂದೆ ಸಾಲು ಬೆಳೆಯುತ್ತಾ... ಅದನ್ನು ನೆನೆಸಿಕೊಳ್ಳುವುದು ಬೇಡ.

ಮೂರನೇ ದಿನದ ಡೋಸ್ ಅಲ್ಲೇ, ಹೊರಡುವ ದಿನ ಬೆಳಗ್ಗೆ, 1,450 ಬಾತ್. ಇಂಗ್ಲಿಷ್ ಸರ್ಟಿಫಿಕೇಟಿಗೆ ಪ್ರತ್ಯೇಕ 200.

ನಡುವೆ ಉಳಿದ ದಿನಗಳಲ್ಲಿ ಏನು ಮಾಡಿದೆವು ಅಂದರೆ, ಪಾಲಿಸಿ ಓದಿದೆವು. ನಿಜ. ಅತ್ತೆ ಕೈಗೆ ಬ್ಯಾಂಡೇಜ್ ಹಾಕಿಕೊಂಡು ಮೊಮ್ಮಗಳ ಜೊತೆ ಯೂನೋ ಆಡುತ್ತಿದ್ದರೆ ನಾನು ಬಾಲ್ಕನಿಯಲ್ಲಿ 40 ಪುಟ ಓದಿದೆ. ಕೋತಿ ಕಚ್ಚಿದ ಮೇಲೆ ಓದುವುದು ಮದುವೆ ಆದ ಮೇಲೆ ಜಾತಕ ನೋಡಿದ ಹಾಗೆ. ಆದರೂ ಒಂದು ಉಪಯೋಗ ಆಯಿತು.

ಕ್ರಾಬಿಯಲ್ಲಿ ಎಲ್ಲರೂ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ನಮ್ಮವರಿಗೂ ಆಸೆ. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಮೈಸೂರು ರಿಂಗ್ ರೋಡಿನಲ್ಲಿ ಓಡಿಸಿದವನಿಗೆ ಇದೇನು ಅಂತ. ಅಂಗಡಿಯವನು ಡೆಪಾಸಿಟ್ ಆಗಿ ಪಾಸ್‌ಪೋರ್ಟ್ ಕೇಳಿದ. "ರೀ, ಒಂದು ನಿಮಿಷ" ಅಂದೆ. ಪಾಲಿಸಿಯಲ್ಲಿ ಸಾಫಾಗಿ ಬರೆದಿತ್ತು: ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿ ಬಿದ್ದರೆ ಒಂದು ಪೈಸೆಯೂ ಇಲ್ಲ. ಥಾಯ್ಲೆಂಡಿನಲ್ಲಿ ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು, ಅದರಲ್ಲಿ ದ್ವಿಚಕ್ರಕ್ಕೂ ಅನುಮತಿ ಇರಬೇಕು. ನಮ್ಮ ಆರ್‌ಟಿಓದಲ್ಲೇ ಸಿಗುತ್ತದೆ, 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಹೊರಡುವ ಮೊದಲು ಮಾಡಿಸಬೇಕು, ಅಲ್ಲಿ ಹೋಗಿ ನೆನೆಸಿಕೊಂಡರೆ ಪ್ರಯೋಜನವಿಲ್ಲ. ಥಾಯ್ಲೆಂಡಿನ ರಸ್ತೆ ನೋಡಲು ನುಣ್ಣಗಿದೆ, ಆದರೆ ಅಲ್ಲಿ ರಸ್ತೆಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ದ್ವಿಚಕ್ರದವರೇ. ಮೊಣಕಾಲು, ಮೊಣಕೈಗೆ ಬಿಳಿ ಬ್ಯಾಂಡೇಜ್ ಸುತ್ತಿಕೊಂಡ ಟೂರಿಸ್ಟ್‌ಗಳನ್ನು ಆಸ್ಪತ್ರೆಯಲ್ಲಿ ಆಗಲೇ ನೋಡಿದ್ದೆವು. ಇನ್ನು ಪಾಸ್‌ಪೋರ್ಟ್ ಅಡ ಇಡುವುದು ಅಂತೂ ಬೇಡವೇ ಬೇಡ. ಇಲ್ಲದ ಗೀರು ತೋರಿಸಿ ದುಡ್ಡು ಕೇಳಿದರೆ ನಿಮ್ಮ ಜುಟ್ಟು ಅವರ ಕೈಯಲ್ಲಿ. ಪಟಾಯಾ, ಫುಕೆಟ್ ಬೀಚುಗಳ ಜೆಟ್ ಸ್ಕೀ ಮೋಸ ಕೂಡ ಇದೇ ಜಾತಿಯದು. ತೆಗೆದುಕೊಳ್ಳುವ ಮುಂಚೆ ಗಾಡಿಯ ಸುತ್ತ ವಿಡಿಯೋ ತೆಗೆಯದೆ ಹತ್ತುವವರು ಸಿಕ್ಕಿಬೀಳುತ್ತಾರೆ. ನಾವು ಕಾಲ್ನಡಿಗೆ, ದೂರಕ್ಕೆ ಗ್ರ್ಯಾಬ್ ಆ್ಯಪ್‌ನ ಟ್ಯಾಕ್ಸಿ. ಮನೆಯವರು ಅರ್ಧ ದಿನ ಮಾತಾಡಲಿಲ್ಲ.

ಸಮುದ್ರದ ವಿಷಯದಲ್ಲೂ ಹೀಗೇ ಆಯಿತು. ದಸರಾ ಹೊತ್ತಿಗೆ ಕ್ರಾಬಿ ಇರುವ ಅಂಡಮಾನ್ ಸಮುದ್ರದ ತೀರದಲ್ಲಿ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ, ಅದಕ್ಕೇ ಹೋಟೆಲ್ ಅಗ್ಗ. ನಾಲ್ಕು ದ್ವೀಪದ ಬೋಟ್ ಟೂರ್ ಬೆಳಗ್ಗೆ 7ಕ್ಕೆ ಕ್ಯಾನ್ಸಲ್ ಅಂತ ಮೆಸೇಜ್ ಬಂತು. ಹೋಟೆಲಿನ ಕೆಳಗೆ ಒಂದು ಕುಟುಂಬ ಕೌಂಟರಿನವನ ಜೊತೆ ಜಗಳಕ್ಕೇ ನಿಂತಿತ್ತು, ಬಿಸಿಲಿದೆಯಲ್ಲ, ಯಾಕೆ ಕ್ಯಾನ್ಸಲ್ ಅಂತ. ನನಗೆ 2018ರ ಜುಲೈ ನೆನಪಾಯಿತು. ಫುಕೆಟ್ ಹತ್ತಿರ ಫೀನಿಕ್ಸ್ ಅನ್ನುವ ಬೋಟ್ ಬಿರುಗಾಳಿಗೆ ಮುಳುಗಿ 47 ಜನ ಚೀನಾದ ಪ್ರವಾಸಿಗರು ಸತ್ತಿದ್ದರು, ಹವಾಮಾನದ ಎಚ್ಚರಿಕೆ ಇದ್ದರೂ ಬೋಟ್ ಹೊರಟಿತ್ತು. ನಮ್ಮ ದುಡ್ಡು ಎರಡು ದಿನದಲ್ಲಿ ವಾಪಸ್ ಬಂತು. ಬೀಚಿನಲ್ಲಿ ಕೆಂಪು ಬಾವುಟ ಇತ್ತು, ಮಗಳು ಮರಳಿನಲ್ಲಿ ಗುಂಡಿ ತೋಡಿದಳು, ಅವಳಿಗೆ ಅದೇ ಖುಷಿ.

ಈಗ ಕ್ಲೈಮ್. ಬಂದ ಮೂರನೇ ದಿನ ಹಾಕಿದೆ. ಬಿಲ್ಲುಗಳು, ಸರ್ಟಿಫಿಕೇಟ್, ಪಾಸ್‌ಪೋರ್ಟಿನ ಮೊದಲ ಪುಟ, ಎರಡೂ ದೇಶದ ಇಮಿಗ್ರೇಶನ್ ಮುದ್ರೆ ಇರುವ ಪುಟ, ಬೋರ್ಡಿಂಗ್ ಪಾಸ್, ಕ್ಯಾನ್ಸಲ್ ಮಾಡಿದ ಚೆಕ್. ಬೋರ್ಡಿಂಗ್ ಪಾಸನ್ನು ಏರ್‌ಪೋರ್ಟಿನಿಂದ ಬರುವ ಫ್ಲೈಬಸ್ಸಿನಲ್ಲೇ ಬಿಸಾಡಿ ಬರುವ ಅಭ್ಯಾಸ ಇದ್ದರೆ ಬಿಡಿ. ಸೈಟಿನಲ್ಲಿ ಒಂದೊಂದು ಫೈಲ್ 2 ಎಂಬಿ ಮೀರುವಂತಿಲ್ಲ. ಘಟನೆಯ ವಿವರ ಬರೆಯುವ ಕಡೆ ಕೋಡುಬಳೆಗೆ ಇಂಗ್ಲಿಷ್‌ನಲ್ಲಿ ಏನನ್ನುವುದು ಅಂತ ಗಂಡ ಹೆಂಡತಿ ಅರ್ಧ ಗಂಟೆ ಚರ್ಚೆ ಮಾಡಿ ಕೊನೆಗೆ "ಅಕ್ಕಿ ಹಿಟ್ಟಿನ ಕರಿದ ತಿಂಡಿ, ಬಳೆಯಾಕಾರ" ಅನ್ನುವ ಅರ್ಥ ಬರುವ ಹಾಗೆ ಬರೆದೆವು.

ಒಂಬತ್ತನೇ ದಿನ ಮೊದಲ ಪ್ರಶ್ನೆ ಬಂತು. ರೋಗಿಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ, ದಾಖಲೆ ಕಳಿಸಿ. ಕೋತಿಗೂ ಶುಗರ್‌ಗೂ ಏನು ಸಂಬಂಧ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಪ್ರಪೋಸಲ್ ಫಾರಂನಲ್ಲಿ ನಾವೇ ಬರೆದುಕೊಟ್ಟ ಸಾಲಿನ ಪುಟ ಕಳಿಸಿದೆ, ಆ ಮಾತು ಅಲ್ಲಿಗೆ ನಿಂತಿತು. ಏಜೆಂಟ್ ಹೇಳಿದ ಹಾಗೆ ಮುಚ್ಚಿಟ್ಟಿದ್ದರೆ "ವಿಷಯ ಮರೆಮಾಚಿದ್ದೀರಿ" ಅಂತ ಇಡೀ ಕ್ಲೈಮ್ ತಳ್ಳಿಹಾಕಲು ಅವರಿಗೆ ದಾರಿ ಸಿಗುತ್ತಿತ್ತು. ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು: ರೋಗಿ ಪ್ರಾಣಿಗೆ ಆಹಾರ ಕೊಡುತ್ತಿದ್ದರೇ? ಇದನ್ನು ಅತ್ತೆಗೆ ಓದಿ ಹೇಳಿದೆ. "ಕೊಟ್ಟಿದ್ರೆ ಯಾಕಮ್ಮ ಕಚ್ಚೋದು, ಕೊಡ್ಲಿಲ್ಲ ಅಂತಲೇ ಅಲ್ವಾ ಕಚ್ಚಿದ್ದು!" ಅದನ್ನೇ ಇಂಗ್ಲಿಷ್ ಮಾಡಿ ಕಳಿಸಿದೆ.

22ನೇ ದಿನ ದುಡ್ಡು ಬಂತು, 41,528 ರೂಪಾಯಿ. ನನ್ನ ಲೆಕ್ಕಕ್ಕೆ ಕಡಿಮೆ. ಇಲ್ಲಿ ಡಿಡಕ್ಟಿಬಲ್ ಅನ್ನುವ ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಕೊಳ್ಳುವಾಗ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಪಾಲಿಸಿಯಲ್ಲಿ ಆಸ್ಪತ್ರೆ ಖರ್ಚಿಗೆ 100 ಡಾಲರ್ ಡಿಡಕ್ಟಿಬಲ್ ಇತ್ತು. ಅಂದರೆ ಮೊದಲ 100 ಡಾಲರ್, ಆಗಿನ ಲೆಕ್ಕದಲ್ಲಿ 8,800 ರೂಪಾಯಿ, ನಮ್ಮದೇ ಕೈಯಿಂದ. ಅದರ ಮೇಲಿನದ್ದು ಅವರದು. ಹೊಟ್ಟೆ ಕೆಟ್ಟಿತು, ಜ್ವರ ಬಂತು, ಕಾಲು ಉಳುಕಿತು, ಇಂಥ ದಿನಬಳಕೆಯ ತೊಂದರೆಗೆಲ್ಲ ಬಿಲ್ 100 ಡಾಲರ್ ದಾಟುವುದು ಕಷ್ಟ, ಹಾಗಾಗಿ ಅದಕ್ಕೆಲ್ಲ ಈ ಪಾಲಿಸಿಯಿಂದ ಸಿಗುವುದು ಸೊನ್ನೆ. 50 ಸಾವಿರ ಡಾಲರ್ ಅನ್ನುವ ದೊಡ್ಡ ಅಂಕಿ ನೋಡಿ ಕೊಳ್ಳುತ್ತೇವೆ, ನಮಗೆ ಪೆಟ್ಟು ಬೀಳುವುದು ಈ ಸಣ್ಣ ಅಂಕಿಯಲ್ಲಿ.

8,800 ಕಳೆದದ್ದು ಸರಿ, ಅದಕ್ಕೆ ನಾನು ಸಹಿ ಹಾಕಿದ್ದೆ. ಆದರೆ ಮೂರನೇ ದಿನದ ಡೋಸಿನ 1,450 ಬಾತನ್ನು ಅವರು ಬೇರೆಯೇ ಘಟನೆ ಅಂತ ಲೆಕ್ಕ ಹಾಕಿ, ಅದು 100 ಡಾಲರ್‌ಗಿಂತ ಕಡಿಮೆ, ಹಾಗಾಗಿ ಏನೂ ಇಲ್ಲ ಅಂದಿದ್ದರು. ಅಂದರೆ ಕೋತಿ ಎರಡು ಸಲ ಕಚ್ಚಿತೇ? ಡಿಡಕ್ಟಿಬಲ್ ಒಂದು ಘಟನೆಗೆ ಒಂದು ಸಲ ಅಂತ ಅವರದೇ ಪಾಲಿಸಿಯಲ್ಲಿದೆ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಬೇರೆ ಬೇರೆ ಹುಡುಗರು, ಮೂವರಿಗೂ ಕೋತಿ ಕಥೆ ಮೊದಲಿಂದ ಹೇಳಿದೆ, ಮೂವರೂ ನಕ್ಕರು, ಯಾರೂ ಏನೂ ಮಾಡಲಿಲ್ಲ. ಆಮೇಲೆ ಕಂಪನಿಯ ದೂರು ವಿಭಾಗಕ್ಕೆ ಮೇಲ್ ಬರೆದೆ, ಷರತ್ತಿನ ಸಾಲು ಹಾಕಿ, ಕೊನೆಯಲ್ಲಿ ಇದು ಸರಿಹೋಗದಿದ್ದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ದೂರಿನ ಸೈಟ್ ಬಿಮಾ ಭರೋಸಾದಲ್ಲಿ ದೂರು ಹಾಕುತ್ತೇನೆ, ಅಲ್ಲೂ ಆಗದಿದ್ದರೆ ಬೆಂಗಳೂರು ಜೆ.ಪಿ. ನಗರದಲ್ಲಿ ಇಂಥ ಜಗಳ ತೀರಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿ ಇದೆ ಅಂತ ನನಗೆ ಗೊತ್ತು ಅಂತ ಸೇರಿಸಿದೆ. ಒಂಬುಡ್ಸ್‌ಮನ್ ಹತ್ತಿರ ಹೋಗಲು ಫೀಸೂ ಇಲ್ಲ, ವಕೀಲರೂ ಬೇಡ. ಅಷ್ಟು ದೂರ ಹೋಗಬೇಕಾಗಲಿಲ್ಲ, ನಾಲ್ಕೇ ದಿನದಲ್ಲಿ 3,915 ರೂಪಾಯಿ ಬಂತು, ಕ್ಷಮೆಯ ಮಾತು ಬರಲಿಲ್ಲ. ಸರ್ಟಿಫಿಕೇಟಿನ 200 ಬಾತ್ ಕೊಡಲೇ ಇಲ್ಲ. ಅವರೇ ಕೇಳಿದ ಸರ್ಟಿಫಿಕೇಟ್!

ಒಟ್ಟು ಖರ್ಚು 54,783. ಬಂದದ್ದು 45,443. ಕೈಯಿಂದ ಹೋದದ್ದು 9,340, ಪ್ರೀಮಿಯಂ ಬೇರೆ. ಇನ್ಶೂರೆನ್ಸ್ ಇಲ್ಲದಿದ್ದರೆ ಅತ್ತೆ ಅರಿಶಿನವೇ ಸಾಕು ಅಂತ ಹಠ ಹಿಡಿಯುತ್ತಿದ್ದರು, 50 ಸಾವಿರದ ಬಿಲ್ ಕೇಳಿ ನಾವೂ ಎಲ್ಲೋ ಒಳಗೊಳಗೆ ಹೂಂ ಅನ್ನುತ್ತಿದ್ದೆವೋ ಏನೋ. ಆ ಕಾರಣಕ್ಕೇ ಮೂರೂವರೆ. ಅಸಿಸ್ಟೆನ್ಸ್ ಹುಡುಗಿಗೆ ಪೂರ್ತಿ ಸ್ಟಾರ್, 31ನೇ ಪುಟಕ್ಕೆ ಅರ್ಧ ಕಡಿತ, ಎರಡು ಸಲ ಕಚ್ಚಿದ ಕೋತಿಗೆ ಒಂದು ಕಡಿತ.

ಭಾರತಕ್ಕೆ ಬಂದ ಮೇಲಿನ ಡೋಸುಗಳಿಗೆ ಪಾಲಿಸಿ ಕೊಡುವುದಿಲ್ಲ, ವಿದೇಶದ ಖರ್ಚಿಗೆ ಮಾತ್ರ. ಏಳು, ಹದಿನಾಲ್ಕು, ಇಪ್ಪತ್ತೆಂಟನೇ ದಿನದ್ದು ಇಲ್ಲೇ ಆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ಚರ್ಮದ ಪದರಕ್ಕೆ ಕೊಡುವುದು, ಅತ್ತೆಗೆ ಶುರು ಮಾಡಿದ್ದು ತೋಳಿನ ಸ್ನಾಯುವಿಗೆ. ನಮ್ಮ ಮನೆ ಡಾಕ್ಟರು ಶುರು ಮಾಡಿದ ಕ್ರಮದಲ್ಲೇ ಮುಗಿಸೋಣ ಅಂದರು. ಮೆಡಿಕಲ್ ಷಾಪಿನಲ್ಲಿ ವಯಲ್ ಒಂದಕ್ಕೆ 400 ರೂಪಾಯಿ ಆಸುಪಾಸು. ಅವರೇ ಇನ್ನೊಂದು ವಿಷಯ ಹೇಳಿದರು, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮಕ್ಕೆ ಕೊಡುವ ಆ ಕ್ರಮ ಬಂದದ್ದೇ ಬ್ಯಾಂಕಾಕ್‌ನ ಥಾಯ್ ರೆಡ್ ಕ್ರಾಸ್‌ನಿಂದ, ಕಡಿಮೆ ಲಸಿಕೆಯಲ್ಲಿ ಜಾಸ್ತಿ ಜನಕ್ಕೆ ಆಗುತ್ತದೆ ಅಂತ ಅವರು ರೂಢಿಗೆ ತಂದದ್ದು. ಅತ್ತೆ ಕೇಳಿ, "ಅವರ ಕೋತಿ, ಅವರ ಔಷಧಿ, ಸರಿಯಾಯ್ತು" ಅಂದರು.

ಒಂದು ಬಿಟ್ಟೇ ಹೋಯಿತು. ಪಾಸ್‌ಪೋರ್ಟ್ ಕಳೆದರೂ ಇಂಥ ಪಾಲಿಸಿಗಳಲ್ಲಿ ಸ್ವಲ್ಪ ಕೊಡುತ್ತಾರೆ. ನನ್ನ ಆಫೀಸಿನವರೊಬ್ಬರಿಗೆ ಪಟಾಯಾದಲ್ಲಿ ಆಗಿತ್ತು. ಮೊದಲು ಪೊಲೀಸ್ ರಿಪೋರ್ಟ್, ಅದಿಲ್ಲದೆ ಮುಂದಿನದ್ದು ಯಾವುದೂ ಇಲ್ಲ. ಆಮೇಲೆ ಬ್ಯಾಂಕಾಕ್‌ನ ಸುಖುಮ್ವಿತ್ ರಸ್ತೆಯ ಸೋಯಿ 23ರಲ್ಲಿರುವ ನಮ್ಮ ರಾಯಭಾರ ಕಚೇರಿ. ಅಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ಅದರಲ್ಲಿ ಭಾರತಕ್ಕೆ ವಾಪಸ್ ಬರಬಹುದು ಅಷ್ಟೇ, ಬೇರೆ ಕಡೆ ಸುತ್ತಲು ಆಗುವುದಿಲ್ಲ. ಪಾಸ್‌ಪೋರ್ಟಿನ ಫೋಟೋ, ಒಂದೆರಡು ಪಾಸ್‌ಪೋರ್ಟ್ ಸೈಜ್ ಫೋಟೋ ಬೇರೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರಿಂದ ಅವರಿಗೆ ಒಂದು ದಿನ ಉಳಿಯಿತಂತೆ.

ಮುಂದಿನ ಬೇಸಿಗೆಗೆ ವಿಯೆಟ್ನಾಂ ನೋಡುತ್ತಿದ್ದೇವೆ. ಈ ಸಲ ಡಿಡಕ್ಟಿಬಲ್ ಇಲ್ಲದ ಪಾಲಿಸಿ ಕೇಳಿದೆ, ನಾಲ್ವರಿಗೂ ಸೇರಿ 900 ರೂಪಾಯಿ ಜಾಸ್ತಿ ಹೇಳುತ್ತಿದ್ದಾರೆ, ತೆಗೆದುಕೊಳ್ಳುತ್ತೇನೆ. ಅತ್ತೆ ಕೂಡ ತಯಾರಾಗಿದ್ದಾರೆ. ಈ ಸಲ ಚಕ್ಕುಲಿಯಂತೆ, ಸದ್ದು ಮಾಡುವ ಪ್ಲಾಸ್ಟಿಕ್ ಕವರಲ್ಲಿ ಅಲ್ಲ, ಬಟ್ಟೆ ಚೀಲದಲ್ಲಿ.